ಮಾತನಾಡುವ ಮೋಟಾರು ಗಾಡಿಗಳು

ಮಾರ್ಗಶಿರ ಮಾಸದ ಒಂದು ಮುಂಜಾನೆ ಬೆಳಗಾವಿಯಿಂದ ಖಾನಾಪುರಕ್ಕೆ ಹೊರಟ ಬಸ್ಸಿನಲ್ಲಿ, ಚಾಲಕನ ಹಿಂದಿನ ಆಸನದಲ್ಲಿಯೇ ನಾವು ಕುಳಿತಿದ್ದೇವೆಂದು ಭಾವಿಸೋಣ. ಪೀರನವಾಡಿ, ಮಚ್ಛೆಗಳನ್ನು ದಾಟುತ್ತಲೇ ಮಂಜು ಹೆದ್ದಾರಿಯನ್ನು ಕವಿಯುತ್ತದೆ. ಕಬ್ಬಿನ ಹಂಗಾಮಿನ ಕಾಲ. ಕಬ್ಬು ಹೇರಿದ ಟ್ರ್ಯಾಕ್ಟರೊಂದು ಹಿಂದೀಪವೂ ಇಲ್ಲದೆ ದಾರಿಯಲ್ಲಿಯೇ ಕೆಟ್ಟು ನಿಂತಿದೆ. ನಮ್ಮ ಚಾಲಕನ ಕಣ್ಣಿಗೆ ಅದು ಬೀಳುವುದು 40 ಮೀಟರು ದೂರದಲ್ಲಿ. ಬಸ್ಸು ನಿಂತೀತೆ?

ಇದಕ್ಕೆ ಊಹೆ ಬೇಕಾಗಿಲ್ಲ, ಲೆಕ್ಕವೇ ಸಾಕು. ಗಂಟೆಗೆ 72 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ 20 ಮೀಟರು. ಕಣ್ಣು ಕಂಡುದನ್ನು ಮಿದುಳು ಅರಿತು ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆಯುತ್ತದೆ; ಅಷ್ಟರಲ್ಲಿ ಬಸ್ಸು 30 ಮೀಟರು ಮುಂದೆ ಬಂದಿರುತ್ತದೆ. ಒದ್ದೆ ರಸ್ತೆಯಲ್ಲಿ ವೇಗವು ಪ್ರತಿ ಸೆಕೆಂಡಿಗೆ 4 ಮೀಟರಿನಂತೆ ತಗ್ಗುವುದೆಂದಿಟ್ಟುಕೊಂಡರೆ, ಪೂರ್ತಿ ನಿಲ್ಲಲು ಇನ್ನೂ 50 ಮೀಟರು ಬೇಕು. ಬೇಕಾದುದು ಒಟ್ಟು 80 ಮೀಟರು, ಇರುವುದು 40. ಚಾಲಕನು ಎಷ್ಟೇ ಜಾಣನಾದರೂ ಈ ಕೊರತೆಯನ್ನು ತುಂಬಲಾರ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ.

ಕಣ್ಣಿಗೆ ಕಾಣದ ಗಾಡಿಯೇ ತನ್ನ ಇರವನ್ನು ಸಾರಿ ಹೇಳುವಂತಿದ್ದರೆ? ಇದೇ ವಾಹನಗಳ ನಡುವಣ ನಿಸ್ತಂತು ಸಂಪರ್ಕದ ತತ್ತ್ವ. ಪ್ರತಿಯೊಂದು ಗಾಡಿಯಲ್ಲಿಯೂ ಒಂದು ಚಿಕ್ಕ ರೇಡಿಯೋ ಯಂತ್ರವಿರುತ್ತದೆ. ಅದು ಉಪಗ್ರಹಗಳ ನೆರವಿನಿಂದ ತನ್ನ ಸ್ಥಾನವನ್ನು ಅರಿತು, ಸ್ಥಾನ, ವೇಗ, ದಿಕ್ಕು ಇವುಗಳನ್ನೂ ಬ್ರೇಕು ಹಾಕಿದ್ದರೆ ಆ ಸಂಗತಿಯನ್ನೂ ಸೆಕೆಂಡಿಗೆ ಹತ್ತು ಸಲ ಸುತ್ತಲೂ ಬಿತ್ತರಿಸುತ್ತದೆ. ಬಯಲಿನಲ್ಲಿ ಈ ವಾರ್ತೆ ಸುಮಾರು 300 ಮೀಟರು ಮುಟ್ಟುತ್ತದೆ. ಅಷ್ಟು ದೂರವನ್ನು ಕ್ರಮಿಸಲು ರೇಡಿಯೋ ಅಲೆಗೆ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ಸಾಕು. ನಮ್ಮ ಬಸ್ಸಿಗಾದರೋ ಅದೇ ದೂರಕ್ಕೆ 15 ಸೆಕೆಂಡು ಬೇಕು. ನಿಲ್ಲಲು ಬೇಕಾದ 80 ಮೀಟರನ್ನು ಕಳೆದರೂ ಚಾಲಕನಿಗೆ 11 ಸೆಕೆಂಡುಗಳ ಬಿಡುವು ದೊರೆಯುತ್ತದೆ.

ಬೆಳಕನ್ನು ತಡೆಯುವ ಮಂಜು ರೇಡಿಯೋ ಅಲೆಯನ್ನೇಕೆ ತಡೆಯದು? ಮಂಜಿನ ಹನಿಯು ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟಿರುತ್ತದೆ. ಬೆಳಕಿನ ಅಲೆ ಅದಕ್ಕಿಂತಲೂ ಎಷ್ಟೋ ಕಿರಿದಾದುದರಿಂದ ಹನಿಹನಿಗೂ ತಾಗಿ ಚೆದರಿಹೋಗುತ್ತದೆ. ಅಮೆರಿಕವು 1999ರಲ್ಲಿ ವಾಹನಗಳಿಗಾಗಿ ಮೀಸಲಿಟ್ಟ 5.9 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 5 ಸೆಂಟಿಮೀಟರು. ಇದರ ಮುಂದೆ ಹನಿಗಳು ಲೆಕ್ಕಕ್ಕಿಲ್ಲ.

ಆದರೆ ಖಾನಾಪುರವನ್ನು ಬಿಟ್ಟು ಜಾಂಬೋಟಿಯ ಮಾರ್ಗವಾಗಿ ಚೋರ್ಲಾ ಘಟ್ಟವನ್ನು ಹೊಕ್ಕರೆ ಬೇರೊಂದು ತೊಡಕು. ತಿರುವಿನಲ್ಲಿ ಗುಡ್ಡವೇ ಅಡ್ಡ ನಿಲ್ಲುತ್ತದೆ. ಧಾರವಾಡ ಆಕಾಶವಾಣಿಯನ್ನು ಜನರು ಕೇಳುತ್ತ ಬಂದ 765 ಕಿಲೋಹರ್ಟ್ಸ್ ಅಲೆಯ ಉದ್ದ 392 ಮೀಟರು. ಅಂಥ ಅಲೆ ಗುಡ್ಡವನ್ನು ಬಳಸಿ ಬಾಗಬಲ್ಲುದು. 5 ಸೆಂಟಿಮೀಟರಿನ ಅಲೆಗೆ ಆ ಶಕ್ತಿ ಬಲು ಕಡಿಮೆ. ಜಪಾನು ತನ್ನ ವಾಹನಗಳಿಗೆ 760 ಮೆಗಾಹರ್ಟ್ಸ್ ಅನ್ನು ಆರಿಸಿಕೊಂಡಿದೆ. ಅದರ ಉದ್ದ ಸುಮಾರು 40 ಸೆಂಟಿಮೀಟರು. ಮೂಲೆಗಳಲ್ಲಿ ಅದು ಇನ್ನಷ್ಟು ಚೆನ್ನಾಗಿ ಬಾಗುತ್ತದೆ.

ಗಣೇಬೈಲಿನ ಸುಂಕದ ಕಟ್ಟೆಯಲ್ಲಿ ಗಾಡಿಗಳ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಚೀಟಿಯನ್ನು ಓದುಗರು ನೋಡಿರಬಹುದು. ಅದೂ ರೇಡಿಯೋ ಸಾಧನವೇ ಸರಿ. ಆದರೆ ಅದರಲ್ಲಿ ಬ್ಯಾಟರಿಯಿಲ್ಲ. ಕಟ್ಟೆಯ ಯಂತ್ರವು ಕೇಳಿದಾಗ, ಆ ಅಲೆಯ ಶಕ್ತಿಯಿಂದಲೇ ತನ್ನ ಸಂಖ್ಯೆಯನ್ನು ತಿಳಿಸಿ ಸುಮ್ಮನಾಗುತ್ತದೆ. ಪಕ್ಕದ ಗಾಡಿಯೊಡನೆ ಅದಕ್ಕೆ ಮಾತಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ಭೌತಶಾಸ್ತ್ರದ್ದಲ್ಲ, ಸಂಖ್ಯೆಯದು. ಮಾತು ನಡೆಯಬೇಕಾದರೆ ಹೇಳುವವನೂ ಬೇಕು, ಕೇಳುವವನೂ ಬೇಕು. ನೂರು ಗಾಡಿಗಳಲ್ಲಿ ಹತ್ತಕ್ಕೆ ಮಾತ್ರ ಯಂತ್ರವಿದ್ದರೆ, ಎರಡು ಗಾಡಿಗಳು ಎದುರಾದಾಗ ಎರಡರಲ್ಲಿಯೂ ಅದಿರುವ ಸಂಭವ ಹತ್ತನೆಯ ಒಂದು ಭಾಗದ ಹತ್ತನೆಯ ಒಂದು ಭಾಗ, ಎಂದರೆ ನೂರಕ್ಕೆ ಒಂದು. ಅರ್ಧ ಗಾಡಿಗಳಿಗೆ ಅಳವಡಿಸಿದರೂ ನೂರಕ್ಕೆ 25 ಮಾತ್ರ. ಶ್ರೀಮಂತರ ಕಾರುಗಳು ತಮ್ಮತಮ್ಮೊಳಗೆ ಎಷ್ಟು ಮಾತನಾಡಿದರೇನು? ನಮ್ಮ ಟ್ರ್ಯಾಕ್ಟರು ಮೂಕವಾಗಿದ್ದರೆ ಬಸ್ಸಿಗೆ ಏನೂ ಕೇಳಿಸದು. ಆದುದರಿಂದ ಈ ಯಂತ್ರವು ಮೊದಲು ಅಗ್ಗವಾಗಿ ದೊರೆಯಬೇಕಾದುದು ಕಬ್ಬಿನ ಗಾಡಿಗೆ, ಲಾರಿಗೆ, ಬಸ್ಸಿಗೆ, ಬೈಸಿಕಲ್ಲಿಗೆ.

ಆ ದಿನ ಬರುವವರೆಗೆ ನಮಗೆ ಗತಿಯೇನು? ಮತ್ತೆ ಲೆಕ್ಕದ ಮೊರೆಹೋಗೋಣ. ವೇಗವನ್ನು ಅರ್ಧಕ್ಕಿಳಿಸಿದರೆ ಬ್ರೇಕು ಹಿಡಿದ ಮೇಲಿನ ದೂರ ಕಾಲುಭಾಗಕ್ಕಿಳಿಯುತ್ತದೆ. ಗಂಟೆಗೆ 36 ಕಿಲೋಮೀಟರಿನಲ್ಲಿ ಬರುವ ಬಸ್ಸು ಅರಿವಿಗೆ 15, ಬ್ರೇಕಿಗೆ ಹನ್ನೆರಡೂವರೆ, ಒಟ್ಟು ಇಪ್ಪತ್ತೇಳೂವರೆ ಮೀಟರಿನಲ್ಲಿ ನಿಲ್ಲುತ್ತದೆ. ಮಂಜು 40 ಮೀಟರನ್ನು ತೋರಿಸಿದೆಯಷ್ಟೆ. ಟ್ರ್ಯಾಕ್ಟರಿಗೂ ಬಸ್ಸಿಗೂ ನಡುವೆ ಇನ್ನೂ ಹನ್ನೆರಡೂವರೆ ಮೀಟರು ಉಳಿದಿರುತ್ತದೆ. ಟ್ರ್ಯಾಕ್ಟರಿನ ಹಿಂದೆ ಒಂದು ಕೆಂಪು ದೀಪವಾದರೂ ಉರಿಯುತ್ತಿದ್ದರೆ ಅದೂ ಒಂದು ನಿಸ್ತಂತು ವಾರ್ತೆಯೇ. ಅದನ್ನು ಕೇಳಲು ಯಾವ ಯಂತ್ರವೂ ಬೇಕಾಗಿಲ್ಲ.