ಒಂದಗುಳು ಸಾಲದ ಆಟ

2023ರ ಅಕ್ಟೋಬರ್ 11, ಫೀನಿಕ್ಸ್ ನಗರದ ಚೇಸ್ ಫೀಲ್ಡ್ ಕ್ರೀಡಾಂಗಣ, ಬೇಸ್‌ಬಾಲ್ ಪಂದ್ಯದ ಮೂರನೇ ಇನಿಂಗ್ಸ್. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಪಿಚರ್ ಲ್ಯಾನ್ಸ್ ಲಿನ್ ಎಸೆದ ಚೆಂಡನ್ನು ಅರಿಜೋನಾ ಡೈಮಂಡ್‌ಬ್ಯಾಕ್ಸ್‌ನ ಜೆರಾಲ್ಡೊ ಪೆರ್ಡೊಮೊ ಬೇಲಿಯಾಚೆ ಹೊಡೆದರು. ಸ್ವಲ್ಪ ಹೊತ್ತಿಗೆ ಕೆಟೆಲ್ ಮಾರ್ಟೆ, ಆಮೇಲೆ ಕ್ರಿಶ್ಚಿಯನ್ ವಾಕರ್. ಗೇಬ್ರಿಯಲ್ ಮೊರೆನೊ ಹೊಡೆದದ್ದನ್ನು ಅಂಪೈರ್‌ಗಳು ಮರುಪರಿಶೀಲಿಸಿ ಫೌಲ್ ಎಂದರು. ಮರು ಎಸೆತವನ್ನೇ ಅವರು ಬೇಲಿ ದಾಟಿಸಿದರು. ಪ್ಲೇಆಫ್ ಇತಿಹಾಸದಲ್ಲಿ ಒಂದೇ ಇನಿಂಗ್ಸಿನಲ್ಲಿ ನಾಲ್ಕು ಹೋಮ್ ರನ್ ಬಂದದ್ದು ಅದೇ ಮೊದಲು. ಪಂದ್ಯ 4-2ಕ್ಕೆ ಮುಗಿಯಿತು, ಸರಣಿ 3-0ಗೆ ಮುಗಿಯಿತು. ಆ ವರ್ಷ 100 ಪಂದ್ಯ ಗೆದ್ದಿದ್ದ ಡಾಡ್ಜರ್ಸ್, 84 ಗೆದ್ದಿದ್ದ ಎದುರಾಳಿಯ ಮುಂದೆ ಮೂರು ಪಂದ್ಯಗಳಲ್ಲಿ ಒಂದು ಕ್ಷಣವೂ ಮುನ್ನಡೆ ಕಾಣಲಿಲ್ಲ. ಎರಡು ತಂಡಗಳ ಸಂಬಳದ ಮೊತ್ತವನ್ನು ಪಕ್ಕಪಕ್ಕ ಇಟ್ಟರೆ ಒಂದು ಇನ್ನೊಂದರ ಸುಮಾರು ಎರಡು ಪಟ್ಟು.

ಇಂಥ ಸೋಲಿನ ಮರುದಿನ ಅಭಿಮಾನಿಗಳ ಬಾಯಲ್ಲಿ ಬರುವ ಮಾತುಗಳು ಪ್ರತಿ ವರ್ಷವೂ ಹೆಚ್ಚುಕಡಿಮೆ ಒಂದೇ. ದುಡ್ಡು ನೀರಿಗೆ ಹೋಯಿತು, ತಾರೆಗಳು ದೊಡ್ಡ ಪಂದ್ಯದಲ್ಲಿ ನಡುಗುತ್ತಾರೆ, ಮ್ಯಾನೇಜರನ್ನು ಮನೆಗೆ ಕಳಿಸಿ, ವಿರಾಮ ಕೊಟ್ಟು ತಂಡಕ್ಕೆ ತುಕ್ಕು ಹಿಡಿಸಿದರು. ಆ ನೋವನ್ನು ನಾನು ಹಗುರ ಮಾಡಲಾರೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ದಿನವೂ ಜೊತೆಗಿದ್ದ ತಂಡ ಐದು ದಿನಗಳಲ್ಲಿ ಮಾಯವಾದರೆ ಮನೆಯಲ್ಲೊಂದು ಖಾಲಿತನ ಉಳಿಯುತ್ತದೆ. ಆದರೆ ನೋವು ನಿಜವೆಂದ ಮಾತ್ರಕ್ಕೆ ಅದರ ಬೆನ್ನಿಗೆ ಬರುವ ತೀರ್ಪೂ ನಿಜವಾಗಬೇಕಿಲ್ಲ.

ಮೊದಲನೆಯ ನಂಬಿಕೆಯೇ ಉಳಿದೆಲ್ಲದರ ತಾಯಿ: ನೂರು ಪಂದ್ಯ ಗೆದ್ದ ತಂಡ ಮೂರನ್ನು ಗೆಲ್ಲಲಾಗದೆ ಹೋದರೆ ಒಳಗೆ ಏನೋ ಕೊಳೆತಿರಬೇಕು.

ನೂರು ಗೆದ್ದ ತಂಡ 62 ಸೋತಿರುತ್ತದೆ. 162 ಪಂದ್ಯಗಳ ಋತುವಿನಲ್ಲಿ ಅದು ಅತಿ ಶ್ರೇಷ್ಠ ಸಾಧನೆ, ಆದರೂ ಹತ್ತರಲ್ಲಿ ಸುಮಾರು ನಾಲ್ಕು ಸೋಲು. ಸಾಲಾಗಿ ಮೂರು ಸೋಲುವುದು ಯಾವ ದೊಡ್ಡ ತಂಡಕ್ಕೂ ಅಪರೂಪವಲ್ಲ. ಜೂನ್‌ನಲ್ಲಿ ಆದರೆ ಯಾರೂ ಗಮನಿಸುವುದಿಲ್ಲ, ಅಕ್ಟೋಬರ್‌ನಲ್ಲಿ ಆದರೆ ವರ್ಷವೇ ಮುಗಿಯುತ್ತದೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಸಾಕು ಎನ್ನುತ್ತೇವೆ. ಬೇಸ್‌ಬಾಲಿನ ಅಗುಳುಗಳು ಹಾಗಲ್ಲ, ಒಂದೇ ಪಾತ್ರೆಯಲ್ಲಿದ್ದೂ ಒಂದು ಬೆಂದಿರುತ್ತದೆ, ಇನ್ನೊಂದು ಕಲ್ಲಾಗಿರುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ತಂಡವೊಂದು ಯಾವುದೇ ಪಂದ್ಯವನ್ನು ಗೆಲ್ಲುವ ಸಾಧ್ಯತೆ ಶೇ. 60 ಎಂದಿಟ್ಟುಕೊಳ್ಳಿ. ಐದರಲ್ಲಿ ಮೂರು ಗೆಲ್ಲಬೇಕಾದ ಸರಣಿಯನ್ನು ಅದು ಗೆಲ್ಲುವ ಸಾಧ್ಯತೆ ಶೇ. 68. ಅಂದರೆ ಇಂಥ ಮೂರು ಸರಣಿಗಳಲ್ಲಿ ಒಂದರಲ್ಲಿ ಸೋಲು ಸಹಜ. ಆದರೆ ಆ ಅರವತ್ತೂ ಉದಾರವಾದ ಅಂಕಿ. ಋತುವಿನ ಗೆಲುವುಗಳಲ್ಲಿ ಬಡಪಾಯಿ ತಂಡಗಳ ಮೇಲಿನವೂ ಸೇರಿರುತ್ತವೆ, ಪ್ಲೇಆಫ್‌ಗೆ ಬರುವವರು ಯಾರೂ ಬಡಪಾಯಿಗಳಲ್ಲ. ಶೇ. 55 ಎಂದರೆ ಹೆಚ್ಚು ಹತ್ತಿರ. ಆಗ ಐದು ಪಂದ್ಯಗಳ ಸರಣಿ ಗೆಲ್ಲುವ ಸಾಧ್ಯತೆ ಶೇ. 59ಕ್ಕೆ ಇಳಿಯುತ್ತದೆ. ಅದನ್ನು ದಾಟಿ, ಮುಂದೆ ಏಳೇಳು ಪಂದ್ಯಗಳ ಎರಡು ಸರಣಿಗಳನ್ನೂ ಗೆದ್ದು ಕಪ್ ಎತ್ತುವ ಸಾಧ್ಯತೆ ಶೇ. 22. ಎಲ್ಲರಿಗಿಂತ ಬಲಿಷ್ಠ ತಂಡವೂ ಐದು ವರ್ಷಗಳಲ್ಲಿ ನಾಲ್ಕು ಬಾರಿ ಬರಿಗೈಯಲ್ಲಿ ಬರುವುದು ಲೆಕ್ಕಕ್ಕೆ ಸರಿಯಾಗಿಯೇ ಇದೆ. 2022ರಲ್ಲಿ ಡಾಡ್ಜರ್ಸ್ 111 ಪಂದ್ಯ ಗೆದ್ದಿತ್ತು. ಋತುವಿನಲ್ಲಿ ಸ್ಯಾನ್ ಡಿಯಾಗೋ ಪಾಡ್ರೆಸ್ ವಿರುದ್ಧ ಆಡಿದ 19ರಲ್ಲಿ 14 ಗೆದ್ದಿತ್ತು. ಅಕ್ಟೋಬರ್‌ನಲ್ಲಿ ಅದೇ ಪಾಡ್ರೆಸ್ ಎದುರು 3-1ರಿಂದ ಸೋತಿತು. ಇದು ಈ ಕಾಲದ ರೋಗವೂ ಅಲ್ಲ. 1906ರಲ್ಲಿ 116 ಪಂದ್ಯ ಗೆದ್ದು ಬಂದ ಷಿಕಾಗೋ ಕಬ್ಸ್, ಬ್ಯಾಟಿಂಗ್‌ನಲ್ಲಿ ತನ್ನ ಲೀಗಿಗೇ ಕೊನೆಯದಾಗಿದ್ದ ಅದೇ ಊರಿನ ವೈಟ್ ಸಾಕ್ಸ್ ಎದುರು ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಸೋತಿತ್ತು.

ಇನ್ನು ದುಡ್ಡಿನ ಮಾತು. ಇಲ್ಲಿ ಎರಡು ವಿರುದ್ಧ ನಂಬಿಕೆಗಳು ಒಂದೇ ಮನೆಯಲ್ಲಿ ವಾಸಿಸುತ್ತವೆ. ಗೆದ್ದಾಗ ದುಡ್ಡೇ ದೊಡ್ಡಪ್ಪ, ಕಪ್ ಖರೀದಿಸಿದರು ಎನ್ನುವುದು. ಸೋತಾಗ ದುಡ್ಡಿನಿಂದ ಏನೂ ಆಗದು ಎನ್ನುವುದು. ಐಪಿಎಲ್ ನೋಡಿ ಬೆಳೆದವರಿಗೆ ಒಂದು ವಿಷಯ ಹೇಳಬೇಕು: ನಮ್ಮಲ್ಲಿ ಹರಾಜಿನ ಥೈಲಿ ಎಲ್ಲ ತಂಡಗಳಿಗೂ ಒಂದೇ ಅಳತೆಯದು, ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲಿನಲ್ಲಿ ಸಂಬಳಕ್ಕೆ ಮೇಲ್ಮಿತಿಯೇ ಇಲ್ಲ. ಒಂದು ಗೆರೆ ದಾಟಿದರೆ ದಂಡದಂಥ ತೆರಿಗೆ ಕಟ್ಟಬೇಕು, ಅಷ್ಟೆ. 2023ರಲ್ಲಿ ಆ ಗೆರೆ 23.3 ಕೋಟಿ ಡಾಲರ್. ನ್ಯೂಯಾರ್ಕ್ ಮೆಟ್ಸ್ ಅದನ್ನು ಎಷ್ಟು ದಾಟಿತೆಂದರೆ ತೆರಿಗೆಯೇ 10 ಕೋಟಿ ಡಾಲರ್ ಮೀರಿತು. ಆ ತಂಡ ಗೆದ್ದದ್ದು 75 ಪಂದ್ಯ, ಸೋತದ್ದು 87. ಆ ವರ್ಷ ಅತಿ ಹೆಚ್ಚು ಸಂಬಳ ಕೊಟ್ಟ ಮೂರು ತಂಡಗಳಾದ ಮೆಟ್ಸ್, ಯಾಂಕೀಸ್, ಪಾಡ್ರೆಸ್ ಮೂರೂ ಪ್ಲೇಆಫ್‌ನ ಹೊಸ್ತಿಲನ್ನೇ ತುಳಿಯಲಿಲ್ಲ.

ಹಾಗಾದರೆ ದುಡ್ಡು ನಿಷ್ಪ್ರಯೋಜಕವೇ? ಖಂಡಿತ ಅಲ್ಲ. ಡಾಡ್ಜರ್ಸ್ 2013ರಿಂದ 2025ರವರೆಗೆ ಹದಿಮೂರು ವರ್ಷ ಒಂದೂ ತಪ್ಪದೆ ಪ್ಲೇಆಫ್ ಆಡಿದೆ. ಬಡ ತಂಡವೊಂದರ ಅಭಿಮಾನಿಗೆ ಅದು ಕನಸಿನಲ್ಲೂ ಸಿಗದ ಭಾಗ್ಯ. ದುಡ್ಡು ಕೊಳ್ಳುವುದು ಮುಖ್ಯವಾಗಿ ಆಳವನ್ನು. ಒಬ್ಬ ಪಿಚರ್‌ನ ಮೊಣಕೈ ಹೋದರೆ ಇನ್ನೊಬ್ಬ ಸಿದ್ಧ, ಆರನೆಯವ, ಏಳನೆಯವನೂ ಸಿದ್ಧ. ಆರು ತಿಂಗಳ ಓಟದಲ್ಲಿ ಈ ಆಳವೇ ಗೆಲ್ಲಿಸುತ್ತದೆ. ಐದು ಪಂದ್ಯಗಳ ಸರಣಿಯಲ್ಲಿ ಬೇಕಾಗುವುದು ಆ ವಾರ ಕೈ ಚೆನ್ನಾಗಿರುವ ಮೂರ್ನಾಲ್ಕು ಪಿಚರ್‌ಗಳು. ಮೂವರು ಒಳ್ಳೆಯವರಿದ್ದರೆ ಸಣ್ಣ ತಂಡವೂ ಆ ವಾರದ ಮಟ್ಟಿಗೆ ದೊಡ್ಡ ತಂಡವೇ. 2023ರಲ್ಲಿ ಡಾಡ್ಜರ್ಸ್ ಪಾಲಿಗೆ ಇದು ತಿರುಗುಮುರುಗಾಗಿತ್ತು. ವಾಕರ್ ಬ್ಯೂಲರ್, ಟೋನಿ ಗಾನ್ಸೊಲಿನ್, ಡಸ್ಟಿನ್ ಮೇ ಮೂವರೂ ಗಾಯಾಳುಗಳು. ಉಳಿದವರು ಭುಜ ಕೆಟ್ಟಿದ್ದ ಕ್ಲೇಟನ್ ಕರ್ಷಾ, ಮೊದಲ ವರ್ಷದ ಹುಡುಗ ಬಾಬಿ ಮಿಲ್ಲರ್, ಮತ್ತು ಆ ಋತುವಿನಲ್ಲಿ ಇಡೀ ಲೀಗಿನಲ್ಲೇ ಅತಿ ಹೆಚ್ಚು, 44 ಹೋಮ್ ರನ್ ಕೊಟ್ಟಿದ್ದ ಲಿನ್. ಮೂರು ಪಂದ್ಯ ಆರಂಭಿಸಿದ ಈ ಮೂವರು ಸೇರಿ ಔಟ್ ಮಾಡಿದ್ದು ಬರೀ 14 ಬಾರಿ. ಒಳ್ಳೆಯ ಪಿಚರ್ ಒಬ್ಬರೇ ಒಂದೇ ದಿನದಲ್ಲಿ ಅದಕ್ಕಿಂತ ಹೆಚ್ಚು ಮಾಡುತ್ತಾರೆ. ಸೋಲಿನ ಕಾರಣ ಅಲ್ಲಿತ್ತು, ತಿಜೋರಿಯಲ್ಲಲ್ಲ.

ಕರ್ಷಾ ಹೆಸರು ಬಂತಲ್ಲ, ದೊಡ್ಡ ಪಂದ್ಯದಲ್ಲಿ ನಡುಗುವವರು ಎಂಬ ಆರೋಪವನ್ನು ಅವರಷ್ಟು ಹೊತ್ತವರು ಕಡಿಮೆ. ಆ ಸರಣಿಯ ಮೊದಲ ಪಂದ್ಯದಲ್ಲಿ ಅವರು ಒಬ್ಬನನ್ನು ಮಾತ್ರ ಔಟ್ ಮಾಡಿ ಆರು ರನ್ ಬಿಟ್ಟುಕೊಟ್ಟರು. ಅಂಕಿ ಮುಚ್ಚಿಡಬೇಕಿಲ್ಲ: ಒಂಬತ್ತು ಇನಿಂಗ್ಸಿಗೆ ಋತುವಿನಲ್ಲಿ ಅವರು ಕೊಟ್ಟ ರನ್ ಸರಾಸರಿ ಎರಡೂವರೆಯ ಆಸುಪಾಸು, ಪ್ಲೇಆಫ್‌ನಲ್ಲಿ ನಾಲ್ಕು ದಾಟುತ್ತದೆ. ಆದರೆ ಆ ರಾತ್ರಿಯ ನಂತರ ಒಂದು ತಿಂಗಳೂ ತುಂಬುವ ಮೊದಲೇ ಅವರ ಎಡಭುಜಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಹಿಂದಿನ ವರ್ಷಗಳಲ್ಲೂ ಸಾಕಷ್ಟು ವಿಶ್ರಾಂತಿಯಿಲ್ಲದೆ ಅವರನ್ನು ಮತ್ತೆ ಮತ್ತೆ ಕಣಕ್ಕಿಳಿಸಲಾಗಿತ್ತು, ಏಕೆಂದರೆ ಕರೆದರೆ ಇಲ್ಲ ಎನ್ನುವ ಮನುಷ್ಯ ಅವರಲ್ಲ. ಇದೇ ಕರ್ಷಾ 2020ರ ವರ್ಲ್ಡ್ ಸೀರೀಸ್‌ನಲ್ಲಿ ಎರಡು ಪಂದ್ಯ ಗೆದ್ದುಕೊಟ್ಟಿದ್ದರು. ದೇಹ ಸವೆದದ್ದನ್ನು ಎದೆಗಾರಿಕೆಯ ಕೊರತೆ ಎಂದು ಓದುವುದು ನನಗೆ ಅನ್ಯಾಯವೆಂದೇ ತೋರುತ್ತದೆ.

ಬ್ಯಾಟರ್‌ಗಳ ಕಥೆಯೂ ಹೀಗೆಯೇ. ಆ ಮೂರು ಪಂದ್ಯಗಳಲ್ಲಿ ಮೂಕಿ ಬೆಟ್ಸ್ 11ಕ್ಕೆ ಸೊನ್ನೆ, ಫ್ರೆಡ್ಡಿ ಫ್ರೀಮನ್ 10ಕ್ಕೆ ಒಂದು. ಇಬ್ಬರ ಎದೆಯನ್ನೂ ಅಭಿಮಾನಿಗಳು ಪ್ರಶ್ನಿಸಿದರು. ಮರುವರ್ಷ ಯಾಂಕೀಸ್ ವಿರುದ್ಧ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ, ಹತ್ತನೆಯ ಇನಿಂಗ್ಸ್, ಎರಡು ಔಟ್, ಮೂರೂ ಬೇಸ್ ಭರ್ತಿ, ಒಂದು ರನ್ ಹಿನ್ನಡೆ. ಉಳುಕಿದ ಕಾಲಿನ ಮೇಲೆ ನಿಂತ ಫ್ರೀಮನ್ ಮೊದಲ ಎಸೆತವನ್ನೇ ಪ್ರೇಕ್ಷಕರ ನಡುವೆ ಹಾರಿಸಿ ಪಂದ್ಯ ಮುಗಿಸಿದರು. ಆ ಸರಣಿಯ ಶ್ರೇಷ್ಠ ಆಟಗಾರನೂ ಅವರೇ. ಹನ್ನೆರಡು ತಿಂಗಳಲ್ಲಿ ಮನುಷ್ಯನ ಗುಂಡಿಗೆ ಬದಲಾಗಲಿಲ್ಲ. ಹತ್ತು ಸರದಿಗಳಲ್ಲಿ ಯಾರ ಗುಂಡಿಗೆಯನ್ನೂ ಅಳೆಯಲಾಗದು.

ತುಕ್ಕಿನ ವಾದಕ್ಕೆ ಮೇಲ್ನೋಟಕ್ಕೆ ಆಧಾರವಿದೆ. 2022ರಿಂದ ಹನ್ನೆರಡು ತಂಡಗಳು ಪ್ಲೇಆಫ್‌ಗೆ ಬರುತ್ತವೆ, ಪ್ರತಿ ಲೀಗಿನ ಮೊದಲೆರಡು ಸ್ಥಾನದವರಿಗೆ ಮೊದಲ ಸುತ್ತು ಆಡುವಂತಿಲ್ಲ. ಮೊದಲ ಎರಡು ವರ್ಷಗಳಲ್ಲಿ ಹೀಗೆ ಕಾದು ಕುಳಿತ ಎಂಟು ತಂಡಗಳಲ್ಲಿ ಐದು ಸೋತವು. ವಿರಾಮವೇ ಶಾಪ ಎಂದು ಎಲ್ಲೆಡೆ ಮಾತಾಯಿತು. ನಂತರದ ಎರಡು ವರ್ಷಗಳ ಎಂಟರಲ್ಲಿ ಸೋತದ್ದು ಎರಡೇ. ಒಟ್ಟು ಹದಿನಾರರಲ್ಲಿ ಗೆಲುವು ಒಂಬತ್ತು, ಸೋಲು ಏಳು. ಮೇಲೆ ಹಾಕಿದ ಶೇ. 55ರ ಲೆಕ್ಕಕ್ಕೆ ಇದು ಎಷ್ಟು ಹತ್ತಿರವಿದೆ ನೋಡಿ.

ಮ್ಯಾನೇಜರ್ ಡೇವ್ ರಾಬರ್ಟ್ಸ್ ಅವರನ್ನು ತೆಗೆಯಬೇಕೆಂಬ ಕೂಗು 2019ರ ಸೋಲಿನ ನಂತರವೂ ಇತ್ತು, 2022ರಲ್ಲೂ ಇತ್ತು, 2023ರಲ್ಲಿ ಇನ್ನೂ ಜೋರಾಗಿತ್ತು. ಕ್ಲಬ್ ತೆಗೆಯಲಿಲ್ಲ. 2024ರಲ್ಲಿ ಮತ್ತೆ ಪಾಡ್ರೆಸ್ ಎದುರು 2-1ರ ಹಿನ್ನಡೆ, ಇನ್ನೊಂದು ಸೋತರೆ ಮೂರನೆಯ ವರ್ಷವೂ ಅದೇ ಕಥೆ. ಉಳಿದೆರಡು ಪಂದ್ಯಗಳಲ್ಲಿ ಎದುರಾಳಿಗೆ ಒಂದು ರನ್ನನ್ನೂ ಕೊಡದೆ ಗೆದ್ದು, ಕೊನೆಗೆ ಕಪ್ ಎತ್ತಿದರು.

ಗೆಲುವೂ ಅಷ್ಟೇ ತೆಳು ಗೆರೆಯ ಮೇಲೆ ನಿಂತಿರುತ್ತದೆ. 2025ರ ನವೆಂಬರ್ 1, ಟೊರಾಂಟೊ, ವರ್ಲ್ಡ್ ಸೀರೀಸ್‌ನ ಏಳನೆಯ ಪಂದ್ಯ. ಒಂಬತ್ತನೆಯ ಇನಿಂಗ್ಸಿನಲ್ಲಿ ಸೋಲಿಗೆ ಎರಡೇ ಔಟ್ ಬಾಕಿ ಇದ್ದಾಗ ಡಾಡ್ಜರ್ಸ್ ಪರ ಸಮಬಲದ ಹೋಮ್ ರನ್ ಹೊಡೆದದ್ದು ತಂಡದ ದೊಡ್ಡ ತಾರೆ ಒಟಾನಿಯಲ್ಲ, ಬೆಟ್ಸ್ ಅಲ್ಲ, ಫ್ರೀಮನ್ ಅಲ್ಲ. ತಂಡದ ಸಾಧಾರಣ ಸಂಬಳದ ಹಿರಿಯ ಮಿಗೆಲ್ ರೋಹಾಸ್. ಅದೇ ಇನಿಂಗ್ಸಿನ ಉತ್ತರಾರ್ಧದಲ್ಲಿ ಟೊರಾಂಟೊ ಬ್ಲೂ ಜೇಸ್‌ಗೆ ಮೂರೂ ಬೇಸ್ ಭರ್ತಿ, ಒಂದೇ ಔಟ್. ನೆಲದ ಮೇಲೆ ಉರುಳಿ ಬಂದ ಚೆಂಡನ್ನು ಅದೇ ರೋಹಾಸ್ ಮುಗ್ಗರಿಸುತ್ತಲೇ ಹಿಡಿದು ಕ್ಯಾಚರ್ ವಿಲ್ ಸ್ಮಿತ್ ಕಡೆಗೆ ಎಸೆದರು. ಓಡಿಬಂದ ಆಟಗಾರನ ಪಾದಕ್ಕಿಂತ ಕಣ್ಣೆವೆಯಷ್ಟು ಮೊದಲು ಸ್ಮಿತ್ ಅವರ ಕಾಲ್ಬೆರಳು ಹೋಮ್ ಪ್ಲೇಟ್‌ಗೆ ತಾಗಿತು. ಇದೇ ಸ್ಮಿತ್ ಹನ್ನೊಂದನೆಯ ಇನಿಂಗ್ಸಿನಲ್ಲಿ ಹೋಮ್ ರನ್ ಹೊಡೆದು ತಂಡಕ್ಕೆ 5-4ರ ಮುನ್ನಡೆ ತಂದರು.