ಮರಗಳ ಪರ ದೂರು ಕೊಟ್ಟ ದೇವತೆ

'ಲಾರ್ಡ್ ಆಫ್ ದ ರಿಂಗ್ಸ್' ಸಿನಿಮಾದಲ್ಲಿ ನಡೆದಾಡುವ ಮರಗಳು ಐಸೆನ್‌ಗಾರ್ಡ್ ಕೋಟೆಗೆ ನುಗ್ಗಿ ಅಣೆಕಟ್ಟು ಒಡೆದದ್ದು ನೆನಪಿದೆಯಾ? ಆ ಎಂಟ್‌ಗಳ ಹುಟ್ಟಿನ ಹಿಂದೆ ಇರೋದು ಒಂದು ಗಂಡ-ಹೆಂಡತಿ ತಕರಾರು!

ಹೆಂಡತಿ ಯವಾನ್ನಾ. ಸಿನಿಮಾದ ಮೂಲ ಕಾದಂಬರಿ ಬರೆದ ಟೋಲ್ಕಿನ್ ಕಟ್ಟಿದ ದೇವಲೋಕದಲ್ಲಿ ಗಿಡಮರ, ಪ್ರಾಣಿ, ಫಸಲು ಎಲ್ಲ ಇವಳದೇ. ಗಂಡ ಔಲೆ, ಕಲ್ಲು-ಲೋಹಗಳ ಕುಶಲಕರ್ಮಿ. ಅವನು ಗುಟ್ಟಾಗಿ ಕುಳ್ಳರೆಂಬ ಜನಾಂಗವನ್ನು ಸೃಷ್ಟಿಸಿಬಿಟ್ಟ. ಯವಾನ್ನಾಗೆ ಚಿಂತೆ ಶುರುವಾಯ್ತು. ಕುಳ್ಳರ ಕೈಯಲ್ಲಿ ಕೊಡಲಿ ಇರುತ್ತೆ. ಪ್ರಾಣಿಗಳಾದರೆ ಓಡುತ್ತವೆ, ತಿರುಗಿ ಬೀಳುತ್ತವೆ. ಬೇರು ಬಿಟ್ಟ ಮರ ಏನು ಮಾಡೀತು?

ದೂರು ದೇವರಾಜ ಮಾನ್ವೆಯ ಬಳಿ ಹೋಯಿತು. ಸಿಕ್ಕ ಪರಿಹಾರವೇ ಎಂಟ್‌ಗಳು, ಅಂದ್ರೆ ಕಾಡು ಕಾಯುವವರು. ಔಲೆ ಮಾತ್ರ ಜಗ್ಗಲಿಲ್ಲ: ಏನೇ ಆದರೂ ಕುಳ್ಳರಿಗೆ ಕಟ್ಟಿಗೆ ಬೇಕೇ ಬೇಕು ಅಂದ!

ಯವಾನ್ನಾಳ ಅತಿ ದೊಡ್ಡ ಸೃಷ್ಟಿ ಎರಡು ಮರಗಳು. ಬೆಳ್ಳಿ ಬೆಳಕಿನ ಟೆಲ್ಪೆರಿಯಾನ್, ಚಿನ್ನದ ಬೆಳಕಿನ ಲಾರೆಲಿನ್. ಹಾಡಿ ಬೆಳೆಸಿದ ಮರಗಳಿವು. ದುಷ್ಟ ಮೆಲ್ಕೋರ್, ಉಂಗೋಲಿಯಾಂಟ್ ಎಂಬ ಜೇಡರಾಕ್ಷಸಿಯ ಜೊತೆ ಬಂದು ಎರಡನ್ನೂ ಕೊಂದ. ಯವಾನ್ನಾಳ ಹಾಡಿಗೂ ಅವು ಮತ್ತೆ ಚಿಗುರಲಿಲ್ಲ. ಉಳಿದದ್ದು ಒಂದು ಬೆಳ್ಳಿ ಹೂವು, ಒಂದು ಚಿನ್ನದ ಹಣ್ಣು. ಹೂವು ಚಂದ್ರನಾಯಿತು, ಹಣ್ಣು ಸೂರ್ಯನಾಯಿತು.

ದೇವತೆಯಾದರೂ ಕೆಲವು ಸೃಷ್ಟಿ ಒಮ್ಮೆ ಮಾತ್ರ ಸಾಧ್ಯ, ಇದೇ ಈ ಕಥೆಯ ಖಡಕ್ ನಿಯಮ.

ಇದೆಲ್ಲ ಇರೋದು 'ದ ಸಿಲ್ಮರಿಲಿಯನ್'ನಲ್ಲಿ. ಟೋಲ್ಕಿನ್ ತೀರಿಹೋದ ನಾಲ್ಕು ವರ್ಷಕ್ಕೆ, 1977ರಲ್ಲಿ, ಮಗ ಕ್ರಿಸ್ಟೋಫರ್ ಸಂಪಾದಿಸಿ ಹೊರತಂದ ಪುಸ್ತಕ. ದಪ್ಪ ನೋಡಿ ಹೆದರಬೇಡಿ. ಔಲೆ-ಯವಾನ್ನಾ ಜಗಳದ ಎರಡನೇ ಅಧ್ಯಾಯ ಚಿಕ್ಕದು, ಅಲ್ಲಿಂದಲೇ ಶುರು ಮಾಡಿ!