ನೋಡುವವರಿಗೆ ನೋಟ, ಸಾಗುವಳಿಗೆ ನೀರು
(ಕೆರೆಕಟ್ಟೆಯ ಮೇಲಣ ರಾಷ್ಟ್ರೀಯ ಉದ್ಯಾನವನ್ನು ಕುರಿತು ಗ್ರಾಮಸೇವಕರ ವಿವರಣೆ)



ಶೃಂಗೇರಿಯಿಂದ ಕಾರ್ಕಳಕ್ಕೆ ಹೋಗುವ ರಸ್ತೆಯಲ್ಲಿ ನೆಮ್ಮಾರನ್ನು ದಾಟಿ ಮುಂದೆ ಹೋದರೆ ಕೆರೆಕಟ್ಟೆ ಸಿಗುತ್ತದೆ. ಶನಿವಾರ, ಭಾನುವಾರ ಬಂತೆಂದರೆ ಈ ದಾರಿಯಲ್ಲಿ ಪರಸ್ಥಳದ ವಾಹನಗಳು ಸಾಲುಗಟ್ಟುತ್ತವೆ. ಇವರೆಲ್ಲ ಏನನ್ನು ನೋಡಲು ಬರುತ್ತಾರೆ, ಹುಲ್ಲು ಮತ್ತು ಮರ ಬಿಟ್ಟರೆ ಇಲ್ಲಿ ಏನಿದೆ ಎಂದು ಕೇಳುವವರು ನಮ್ಮಲ್ಲಿದ್ದಾರೆ. ಉದ್ಯಾನದ ಸೊಗಸು ಪೇಟೆಯವರಿಗೆ, ಅದರ ಕಟ್ಟುಪಾಡು ಮಾತ್ರ ನಮಗೆ ಎಂದು ಬೇಸರಪಡುವವರೂ ಇದ್ದಾರೆ. ಎರಡೂ ಮಾತು ಉತ್ತರಕ್ಕೆ ಅರ್ಹವಾದುವು. ಈ ಕಾಡುಗುಡ್ಡಕ್ಕೂ ನಮ್ಮ ತೋಟಗದ್ದೆಗೂ ಇರುವ ಸಂಬಂಧವನ್ನು ತಿಳಿದರೆ ಉತ್ತರ ತಾನಾಗಿಯೇ ಸಿಗುತ್ತದೆ.

ಉದ್ಯಾನವೆಂದರೆ ಹೂದೋಟವಲ್ಲ

‘ಉದ್ಯಾನ’ ಎಂದೊಡನೆ ಬೆಂಗಳೂರಿನ ಲಾಲ್‌ಬಾಗ್ ನೆನಪಿಗೆ ಬರುವುದು ಸಹಜ. ಅಲ್ಲಿ ಮಾಲಿಗಳು ಗಿಡ ನೆಟ್ಟು ನೀರೆರೆಯುತ್ತಾರೆ. ರಾಷ್ಟ್ರೀಯ ಉದ್ಯಾನವು ಅಂಥದಲ್ಲ. ಇರುವ ಕಾಡನ್ನು ಇದ್ದ ಹಾಗೆಯೇ ಕಾಪಾಡುವುದಕ್ಕೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಗೊತ್ತುಮಾಡಿದ ಪ್ರದೇಶವೇ ರಾಷ್ಟ್ರೀಯ ಉದ್ಯಾನ.

ನಮ್ಮ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘೋಷಣೆ ೧೯೮೭ರಲ್ಲಿ ಹೊರಟಿತು. ಇದರ ವಿಸ್ತೀರ್ಣ ಸುಮಾರು ೬೦೦ ಚದರ ಕಿಲೋಮೀಟರ್. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಈ ಮೂರು ಜಿಲ್ಲೆಗಳಿಗೂ ಇದು ಹರಡಿದೆ. ಪಶ್ಚಿಮ ಘಟ್ಟದಲ್ಲಿ ಮಾತ್ರವೇ ಇರುವ ಸಿಂಗಳೀಕವನ್ನು ಉಳಿಸುವುದು ಇದರ ಮುಖ್ಯ ಉದ್ದೇಶಗಳಲ್ಲಿ ಒಂದು. ಸಿಂಗಳೀಕವು ನೆಲಕ್ಕೆ ಇಳಿಯುವುದು ಅಪರೂಪ. ಮರದಿಂದ ಮರಕ್ಕೆ ಕೊಂಬೆ ತಾಗಿಕೊಂಡಿರುವ ದಟ್ಟ ಕಾಡು ಇಲ್ಲದಿದ್ದರೆ ಅದು ಬದುಕಲಾರದು. ೨೦೧೨ರಲ್ಲಿ ಪಶ್ಚಿಮ ಘಟ್ಟದ ಆಯ್ದ ಭಾಗಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಕುದುರೆಮುಖವೂ ಅವುಗಳಲ್ಲಿ ಒಂದಾಯಿತು.

ಇಲ್ಲಿ ಒಂದು ವಿಷಯ ಸ್ಪಷ್ಟವಿರಲಿ. ಮೀಸಲು ಅರಣ್ಯ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಇವು ಮೂರೂ ಒಂದೇ ಅಲ್ಲ. ಅಭಯಾರಣ್ಯದಲ್ಲಿ ದನ ಮೇಯಿಸುವುದನ್ನು ಕಟ್ಟುಪಾಡಿಗೆ ಒಳಪಡಿಸಿ ಬಿಡುವುದಕ್ಕೆ ಅವಕಾಶವುಂಟು. ರಾಷ್ಟ್ರೀಯ ಉದ್ಯಾನದಲ್ಲಿ ಮೇವಿಗೆ ದನ ಬಿಡುವಂತೆಯೇ ಇಲ್ಲ. ಹೀಗಿರುವಾಗ ಗಡಿಯ ಕಲ್ಲು ಎಲ್ಲಿದೆ ಎಂಬುದು ಅಂಚಿನ ಹಳ್ಳಿಯ ಪ್ರತಿಯೊಂದು ಮನೆಗೂ ತಿಳಿದಿರಬೇಕು.

ಬಂದವರು ನೋಡುವುದೇನು?

ಕಿಗ್ಗದಲ್ಲಿ ಋಷ್ಯಶೃಂಗೇಶ್ವರನ ದೇವಸ್ಥಾನವಿದೆ. ಮಳೆ ಬರಲಿ ಎಂದೂ, ಬಂದ ಮಳೆ ಹಿಡಿತಕ್ಕೆ ಬರಲಿ ಎಂದೂ ಅಲ್ಲಿ ಪೂಜೆ ಮಾಡಿಸುವ ವಾಡಿಕೆ ನಮಗೆಲ್ಲ ಗೊತ್ತು. ಅದರ ಹತ್ತಿರವೇ ಸಿರಿಮನೆ ಜಲಪಾತ. ಮೇಲೆ ನರಸಿಂಹ ಪರ್ವತ. ಕೆರೆಕಟ್ಟೆಯಿಂದ ಎಸ್.ಕೆ. ಬಾರ್ಡರಿಗೆ ಹೋಗಿ ಕುದುರೆಮುಖದ ಕಡೆಗೆ ತಿರುಗಿದರೆ ಹನುಮನಗುಂಡಿ ಜಲಪಾತ. ಅದರಾಚೆ ಸುಮಾರು ೧,೮೯೦ ಮೀಟರ್ ಎತ್ತರದ ಕುದುರೆಮುಖ ಶಿಖರ. ನಡುವೆ ವರಾಹ ಪರ್ವತದಲ್ಲಿ ಗಂಗಾಮೂಲ.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿ. ಜನ ನೋಡಲು ಬರುವುದು ಒಂದೋ ನೀರನ್ನು, ಇಲ್ಲವೇ ನೀರು ಹುಟ್ಟುವ ಗುಡ್ಡವನ್ನು.

ಗಂಗಾಮೂಲದಲ್ಲಿ ಹುಟ್ಟುವ ತುಂಗೆಯು ಶೃಂಗೇರಿಗೆ ಇಳಿದು, ಕೊಪ್ಪ ತಾಲ್ಲೂಕಿನ ಹರಿಹರಪುರವನ್ನು ಹಾದು ತೀರ್ಥಹಳ್ಳಿಯತ್ತ ಸಾಗುತ್ತಾಳೆ. ಅಲ್ಲಿಯೇ ಹುಟ್ಟುವ ಭದ್ರೆಯು ಕಳಸದ ಮೇಲೆ ಹರಿದು ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿಗೆ ಬಂದು ಲಕ್ಕವಳ್ಳಿಯ ಜಲಾಶಯವನ್ನು ಸೇರುತ್ತಾಳೆ. ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಎರಡೂ ಕೂಡಿ ತುಂಗಭದ್ರೆಯಾಗುತ್ತದೆ. ಅಂದಮೇಲೆ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಹೊಳೆಗೂ ತಲೆ ಒಂದೇ ಬೆಟ್ಟದಲ್ಲಿದೆ.

ಗುಡ್ಡದ ಮೇಲೆ ನೀರು ನಿಲ್ಲುವ ಬಗೆ

ಒಂದು ಲೆಕ್ಕ ನೋಡೋಣ. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಆ ನೀರು ಸುಮಾರು ಒಂದು ಲಕ್ಷ ಲೀಟರ್ ಆಗುತ್ತದೆ. ಒಂದು ಎಕರೆ ಅಡಿಕೆ ತೋಟದಲ್ಲಿ ಸುಮಾರು ೫೫೦ ಮರಗಳಿದ್ದು, ಬೇಸಿಗೆಯಲ್ಲಿ ಹನಿ ನೀರಾವರಿಯ ಮೂಲಕ ಮರವೊಂದಕ್ಕೆ ದಿನಕ್ಕೆ ೧೬ರಿಂದ ೨೦ ಲೀಟರ್ ಕೊಟ್ಟರೆ ದಿನಕ್ಕೆ ಹೆಚ್ಚುಕಡಿಮೆ ಹತ್ತು ಸಾವಿರ ಲೀಟರ್ ಬೇಕು. ಅಂದರೆ ಗುಡ್ಡದ ಒಂದು ಎಕರೆಯಲ್ಲಿ ಬಿದ್ದ ಒಂದೇ ಅಂಗುಲ ಮಳೆಯು ತೋಟದ ಒಂದು ಎಕರೆಗೆ ಹತ್ತು ದಿನದ ನೀರು.

ನಮ್ಮ ಘಟ್ಟದಲ್ಲಿ ಒಂದೇ ದಿನ ಎಂಟು ಅಂಗುಲ ಮಳೆ ಸುರಿಯುವುದೂ ಉಂಟು. ಆದರೂ ಮಾರ್ಚಿ, ಏಪ್ರಿಲ್ ತಿಂಗಳಲ್ಲಿ ಹಳ್ಳ ಬತ್ತಿತೆಂದು ಪಂಪು ನಿಲ್ಲಿಸುವ ರೈತರಿದ್ದಾರೆ. ಇದಕ್ಕೆ ಕಾರಣ ಮಳೆಯ ಕೊರತೆಯೊಂದೇ ಅಲ್ಲ. ಬಿದ್ದ ಮಳೆಯಲ್ಲಿ ಎಷ್ಟು ಭೂಮಿಯ ಒಳಕ್ಕೆ ಇಳಿಯಿತು, ಎಷ್ಟು ಅಂದೇ ಹರಿದುಹೋಯಿತು ಎಂಬುದೂ ಮುಖ್ಯ.

ಉದ್ಯಾನದ ಎತ್ತರದ ಭಾಗದಲ್ಲಿ ಗುಡ್ಡದ ಬೆನ್ನಿನ ಮೇಲೆ ಹುಲ್ಲು, ಗುಡ್ಡದ ಮಡಿಲಿನ ಕಣಿವೆಯಲ್ಲಿ ದಟ್ಟ ಕಾಡು. ಈ ಕಾಡನ್ನು ಶೋಲಾ ಎನ್ನುತ್ತಾರೆ. ಗುಡ್ಡದ ಮೇಲೆ ಮಣ್ಣು ತೆಳು, ಗಾಳಿ ಬಲು ಜೋರು. ಅಲ್ಲಿ ಹುಲ್ಲು ಬೇರು ಹೆಣೆದು ಮಣ್ಣನ್ನು ಹಿಡಿದಿಡುತ್ತದೆ. ಇಳಿದುಬರುವ ನೀರಿನ ಓಟವನ್ನು ತಡೆಯುತ್ತದೆ. ಕಣಿವೆಯಲ್ಲಿ ಮಳೆಯ ಹನಿ ಮೊದಲು ಎಲೆಯ ಮೇಲೆ ಬಿದ್ದು, ಬಳಿಕ ನೆಲದ ತರಗಿನ ಮೇಲೆ ಇಳಿಯುತ್ತದೆ. ತರಗಿನ ಅಡಿಯಲ್ಲಿ ಬೇರು, ಎರೆಹುಳು, ಗೆದ್ದಲು ಕೊರೆದ ಸಣ್ಣ ಸಣ್ಣ ತೂತುಗಳಿರುತ್ತವೆ. ಅವುಗಳ ಮೂಲಕ ನೀರು ಮಣ್ಣಿನ ಒಡಲಿಗೆ ಸೇರಿ, ಮಳೆಗಾಲ ಮುಗಿದ ಮೇಲೂ ಒಸರುತ್ತಿರುತ್ತದೆ. ಈ ಒಸರೇ ನಮ್ಮ ಮನೆಯ ಅಬ್ಬಿ ನೀರು, ತೋಟದ ಹಳ್ಳ, ಕೊನೆಗೆ ಹೊಳೆ.

ಬೋಳು ಗುಡ್ಡ, ಪಾಳು ಜಾಗ ಎಂದು ಆ ಹುಲ್ಲುಗಾವಲನ್ನು ಕರೆಯುವುದುಂಟು. ಇದು ಸರಿಯಲ್ಲ. ಅದು ಮರ ಕಡಿದು ಹಾಳಾದ ಜಾಗವಲ್ಲ; ಹುಲ್ಲೇ ಅಲ್ಲಿಯ ಸಹಜ ಬೆಳೆ.

ನೀವೇ ಮಾಡಿ ನೋಡಿ

ಹೇಳಿದ್ದನ್ನು ನಂಬಬೇಕೆಂದಿಲ್ಲ, ಪರೀಕ್ಷೆ ಮಾಡಬಹುದು. ನಿಮ್ಮ ಸೊಪ್ಪಿನಬೆಟ್ಟದಲ್ಲಿ ತರಗು ಹಾಗೆಯೇ ಇರುವ ಒಂದು ಕಡೆ, ವರ್ಷ ವರ್ಷವೂ ಗುಡಿಸಿ ನೆಲ ಗಟ್ಟಿಯಾದ ಒಂದು ಕಡೆ, ಒಂದೊಂದು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿರಿ. ಎರಡಕ್ಕೂ ಒಂದೊಂದು ಕೊಡ ನೀರು ಹೊಯ್ದು, ನೀರು ಇಂಗಲು ಎಷ್ಟು ಹೊತ್ತು ಬೇಕಾಯಿತೆಂದು ಗಡಿಯಾರ ನೋಡಿ ಬರೆದಿಡಿ. ನೀರು ಬೇಗ ಇಂಗಿದ ಕಡೆ ಗುಡ್ಡವು ಮಳೆಯನ್ನು ಉಳಿಸಿಕೊಳ್ಳುತ್ತಿದೆ ಎಂದೂ, ನೀರು ನಿಂತ ಕಡೆ ಮಳೆಯು ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತಿದೆ ಎಂದೂ ತಿಳಿಯಬೇಕು. ಶಾಲೆಯ ಮಕ್ಕಳಿಂದಲೂ ಈ ಪರೀಕ್ಷೆ ಮಾಡಿಸಬಹುದು.

ಭದ್ರೆ ಕಲಿಸಿದ ಪಾಠ

ಗುಡ್ಡದ ಮೈ ಕೆದಕಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ದೂರದಲ್ಲಿಲ್ಲ. ೧೯೭೬ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪೆನಿಯೊಂದು ಕುದುರೆಮುಖದಲ್ಲಿ ಕಬ್ಬಿಣದ ಅದಿರನ್ನು ತೆಗೆಯಿತು. ಊರು ಬೆಳೆಯಿತು, ಸಾವಿರಾರು ಜನರಿಗೆ ಕೆಲಸ ಸಿಕ್ಕಿತು, ಇದು ನಿಜ. ಆದರೆ ಗಣಿಯಿದ್ದುದು ಭದ್ರೆಯ ತಲೆಯಲ್ಲಿ. ಮಳೆಗಾಲದಲ್ಲಿ ಸಡಿಲಗೊಂಡ ಮಣ್ಣು ಹೊಳೆಗೆ ಇಳಿಯಿತು. ವಿಷಯವು ಸರ್ವೋಚ್ಚ ನ್ಯಾಯಾಲಯದ ಮುಂದೆ ಹೋಗಿ, ೨೦೦೨ರ ತೀರ್ಪಿನಂತೆ ೨೦೦೫ರ ಕೊನೆಗೆ ಗಣಿಯ ಕೆಲಸ ನಿಂತಿತು. ಗಣಿ ಮುಚ್ಚಲು ಒಂದು ಆಜ್ಞೆ ಸಾಕಾಯಿತು. ಕೆದಕಿದ ಗುಡ್ಡದ ಮೇಲೆ ಹಳೆಯ ಮಣ್ಣು ಮತ್ತೆ ಕೂಡಿಕೊಳ್ಳಲು ತಲೆಮಾರುಗಳು ಬೇಕು.

ನಮ್ಮ ಕೈಯಲ್ಲಿರುವ ಕೆಲಸಗಳು

(೧) ಬೆಂಕಿ: ಎಳೆ ಹುಲ್ಲು ಚಿಗುರಲೆಂದು ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಇಡುವ ಹಳೆಯ ರೂಢಿಯನ್ನು ಬಿಡಬೇಕು. ಗಾಳಿಗೆ ಬೆಂಕಿಯು ಶೋಲಾದ ಅಂಚನ್ನು ಸುಡುತ್ತದೆ. ಪ್ರತಿ ವರ್ಷ ಸುಟ್ಟರೆ ಅಂಚು ಹಿಂದೆ ಸರಿದು ಕಾಡು ಕಿರಿದಾಗುತ್ತದೆ. ಹೊಗೆ ಕಂಡೊಡನೆ ವಲಯ ಅರಣ್ಯ ಕಚೇರಿಗೆ ತಿಳಿಸಿರಿ.

(೨) ತರಗು: ಸೊಪ್ಪಿನಬೆಟ್ಟವನ್ನು ಪೂರ್ತಿ ಗುಡಿಸದೆ ಮೂರು ಪಾಲು ಮಾಡಿ, ವರ್ಷಕ್ಕೆ ಒಂದು ಪಾಲಿನಿಂದ ಮಾತ್ರ ತರಗು ತನ್ನಿರಿ. ಕೊರತೆಯನ್ನು ತೋಟದ ಸೋಗೆ, ಹಾಳೆ, ಕಳೆಗಳ ಕಾಂಪೋಸ್ಟಿನಿಂದ ತುಂಬಬಹುದು.

(೩) ಹಳ್ಳದ ದಡ: ದಡದ ಮರಗಳನ್ನು ಕಡಿಯಬೇಡಿ. ಬರಿದಾದ ಕಡೆ ವಾಟೆ, ಹೊಳೆದಾಸವಾಳ, ನೇರಳೆಗಳನ್ನು ನೆಡಿ.

(೪) ಪ್ಲಾಸ್ಟಿಕ್: ಪ್ರವಾಸಿಗರು ಬಿಸುಟ ಬಾಟಲಿ, ಚೀಲಗಳು ಮೊದಲ ಮಳೆಗೆ ಹಳ್ಳಕ್ಕೆ ಬಂದು ನಮ್ಮ ಕಾಲುವೆಯ ಬಾಯಿಗೇ ಸಿಕ್ಕಿಕೊಳ್ಳುತ್ತವೆ. ರಸ್ತೆ ಬದಿಯ ಅಂಗಡಿಯವರು ಕುಡಿಯುವ ನೀರನ್ನು ಲೋಟದಲ್ಲಿ ಕೊಟ್ಟು, ಖಾಲಿ ಬಾಟಲಿ ಹಾಕಲು ಡಬ್ಬವನ್ನಿಟ್ಟರೆ ಅರ್ಧ ಕೆಲಸವಾದಂತೆ.

ಪ್ರವಾಸಿಗರಿಂದ ನಮಗೆ ಆದಾಯ

ಹಳದಿ ಎಲೆ ರೋಗ ಮತ್ತು ಎಲೆಚುಕ್ಕಿ ರೋಗದಿಂದ ನಮ್ಮ ಕಡೆಯ ಅಡಿಕೆ ಬೆಳೆಗಾರರು ಎಷ್ಟು ನೊಂದಿದ್ದಾರೆಂದು ವಿವರಿಸಬೇಕಾಗಿಲ್ಲ. ಇಂಥ ಸಮಯದಲ್ಲಿ ಇನ್ನೊಂದು ಆದಾಯ ಬೇಕೆನಿಸುವುದು ನ್ಯಾಯವೇ. ಮನೆಯಲ್ಲಿ ಕೋಣೆ ಇದ್ದವರು ಹೋಂಸ್ಟೇ ನಡೆಸಬಹುದು. ಇಲ್ಲದವರು ಜೇನು, ಕಾಳುಮೆಣಸು, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಕೋಕಂ ಶರಬತ್ತುಗಳನ್ನು ಮಹಿಳಾ ಸಂಘದ ಮೂಲಕ ಮಾರಬಹುದು.

ಹೋಂಸ್ಟೇ ತೆರೆಯುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ, ಗ್ರಾಮ ಪಂಚಾಯಿತಿಗೂ ತಿಳಿಸಿರಬೇಕು. ಕಕ್ಕಸಿನ ಗುಂಡಿಯು ಬಾವಿಯಿಂದಲೂ ಹಳ್ಳದಿಂದಲೂ ಕನಿಷ್ಠ ೫೦ ಅಡಿ ದೂರವಿರಲಿ. ಉದ್ಯಾನದ ಒಳಗೆ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿಯಿಲ್ಲದವರನ್ನು ಗಂಗಾಮೂಲಕ್ಕಾಗಲಿ ಶಿಖರಕ್ಕಾಗಲಿ ಹಿಂದಿನ ದಾರಿಯಿಂದ ಕರೆದೊಯ್ದು ಹಣ ಪಡೆಯುವುದು ಅಪರಾಧ. ಒಬ್ಬರು ಮಾಡಿದರೆ ಊರಿಗೇ ಕೆಟ್ಟ ಹೆಸರು. ಮಳೆಗಾಲದಲ್ಲಿ ಜಲಪಾತದ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ, ನೀರು ಕ್ಷಣಮಾತ್ರದಲ್ಲಿ ಏರುತ್ತದೆ ಎಂದು ಬಂದವರಿಗೆ ಮೊದಲೇ ಹೇಳಿರಿ. ಈ ಒಂದು ಮಾತಿನಿಂದ ಒಂದು ಜೀವ ಉಳಿದೀತು.

ಮಂಗನ ಕಾಯಿಲೆಯನ್ನೂ ಮರೆಯಬಾರದು. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಈ ರೋಗ ನಮ್ಮ ತಾಲ್ಲೂಕುಗಳಲ್ಲಿಯೂ ಕಾಣಿಸಿಕೊಂಡಿದೆ. ಇದನ್ನು ಹರಡುವುದು ಉಣುಗು. ಮಳೆ ನಿಂತ ಮೇಲೆ ಬೇಸಿಗೆ ಮುಗಿಯುವ ತನಕ ಕಾಡಿಗೆ ಹೋಗುವವರು, ಮನೆಯವರಾಗಲಿ ಅತಿಥಿಗಳಾಗಲಿ, ಮೈ ಮುಚ್ಚುವ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಹಚ್ಚಿಕೊಳ್ಳಬೇಕು. ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನು ಒಗೆಯಬೇಕು. ಮಂಗ ಸತ್ತಿದ್ದರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಹಕ್ಕಿನ ಮಾತು

ಕಾಡನ್ನು ಕಾಪಾಡಿ ಎಂದು ರೈತನಿಗೆ ಹೇಳಿ, ಅವನ ಹಕ್ಕಿನ ಬಗ್ಗೆ ಮೌನವಾಗಿರುವುದು ನ್ಯಾಯವಲ್ಲ. ೨೦೦೬ರ ಅರಣ್ಯ ಹಕ್ಕು ಕಾಯಿದೆಯಂತೆ, ೨೦೦೫ರ ಡಿಸೆಂಬರ್ ೧೩ಕ್ಕೆ ಮೊದಲಿನಿಂದ ಅರಣ್ಯ ಭೂಮಿಯಲ್ಲಿ ವಾಸವಿದ್ದು ಸಾಗುವಳಿ ಮಾಡುತ್ತಿರುವ ಪರಿಶಿಷ್ಟ ಪಂಗಡದವರು ಹಕ್ಕಿಗೆ ಅರ್ಜಿ ಹಾಕಬಹುದು. ಇತರರು ಆ ದಿನಕ್ಕೆ ಮುಂಚೆ ಮೂರು ತಲೆಮಾರು, ಅಂದರೆ ೭೫ ವರ್ಷ, ಅಲ್ಲಿ ವಾಸವಿದ್ದುದನ್ನು ತೋರಿಸಬೇಕು. ಅರ್ಜಿಯು ಮೊದಲು ಬರುವುದು ಗ್ರಾಮಸಭೆಗೆ. ರಾಷ್ಟ್ರೀಯ ಉದ್ಯಾನದ ಒಳಗೂ ಈ ಕಾಯಿದೆ ಅನ್ವಯಿಸುತ್ತದೆ. ಹಕ್ಕಿನ ತೀರ್ಮಾನವಾಗದೆ ಯಾರನ್ನೂ ಎಬ್ಬಿಸುವಂತಿಲ್ಲ. ಪರಿಹಾರ ಪಡೆದು ಹೊರಗೆ ಹೋಗಲು ತಾವಾಗಿ ಇಚ್ಛಿಸುವವರು, ಕಾಗದಪತ್ರವನ್ನು ಓದಿಸಿ ಅರ್ಥಮಾಡಿಕೊಂಡ ಮೇಲೆಯೇ ಸಹಿ ಹಾಕತಕ್ಕದ್ದು. ಕಾಡುಪ್ರಾಣಿಗಳಿಂದ ಬೆಳೆ ನಷ್ಟವಾದರೆ ಫೋಟೋ ತೆಗೆದಿಟ್ಟು, ಕೂಡಲೇ ಅರಣ್ಯ ಕಚೇರಿಗೆ ಅರ್ಜಿ ಕೊಡಿರಿ.

ಬಂಧುಗಳೇ, ಬಂದವರು ಜಲಪಾತದ ಮುಂದೆ ನಿಂತು ಸಂತೋಷಪಟ್ಟು ಸಂಜೆಗೆ ಹೊರಟುಹೋಗುತ್ತಾರೆ. ಅದೇ ನೀರನ್ನು ವರ್ಷವಿಡೀ ಕುಡಿಯುವವರು, ತೋಟಕ್ಕೆ ಹಾಯಿಸುವವರು ನಾವು. ಮುಂದಿನ ಗ್ರಾಮಸಭೆಯಲ್ಲಿ ಬೆಂಕಿಯ ಕಾವಲು, ಹಳ್ಳದ ದಡದ ಗಿಡ, ರಸ್ತೆ ಬದಿಯ ಕಸ ಈ ಮೂರು ವಿಷಯಗಳನ್ನು ಚರ್ಚೆಗೆ ತನ್ನಿರಿ. ಗುಂಡಿಯ ಪರೀಕ್ಷೆ ಮಾಡಿದವರು ತಮ್ಮ ಲೆಕ್ಕವನ್ನೂ ಸಭೆಗೆ ತಂದು ಓದಿ ಹೇಳಿರಿ. ಊರಿನವರದೇ ಲೆಕ್ಕವಾದರೆ ಊರು ಕಿವಿಗೊಟ್ಟು ಕೇಳುತ್ತದೆ.